ಚಟ್ನಿ ಜಾರಿನ ಕೇಕು

ಮಿಕ್ಸರಿಗೆ ಮೂರು ಜಾರುಗಳೇಕೆ ಎಂದು ನೀವು ಎಂದಾದರೂ ಯೋಚಿಸಿದ್ದೀರಾ? ಅದು ಗಾತ್ರಭೇದವಷ್ಟೇ ಎಂದು ನಾನು ಬಹುಕಾಲ ನಂಬಿದ್ದೆ. ನನ್ನ ಹೆಂಡತಿ ಶಾರದೆಯ ಸಂವಿಧಾನದಲ್ಲಿ ದೊಡ್ಡದು ದೋಸೆ ಹಿಟ್ಟಿಗೆ, ನಡುವಿನದು ಸಕ್ಕರೆ-ಏಲಕ್ಕಿಗೆ, ಸಣ್ಣದು ಬೆಳ್ಳುಳ್ಳಿ ಹಾಕಿದ ಶೇಂಗಾ ಚಟ್ನಿಗೆ, ಇದಕ್ಕೆ ತಿದ್ದುಪಡಿಯಿಲ್ಲ. ರಾಯಚೂರಿನಿಂದ ಹೈದರಾಬಾದಿನ ಮಣಿಕೊಂಡಕ್ಕೆ ಬಂದ ಮೇಲೆ ನಾವು ಮಾತಿನಲ್ಲಿ ತೆಲುಗು, ಹಿಂದಿ ಎಲ್ಲವನ್ನೂ ಬೆರೆಸಿಕೊಂಡೆವು, ಜಾರುಗಳನ್ನು ಮಾತ್ರ ಬೆರೆಸಲಿಲ್ಲ. ಒಮ್ಮೆ ನನ್ನ ತಂಗಿ ಅವಸರದಲ್ಲಿ ಶ್ರೀಖಂಡದ ಸಕ್ಕರೆಯನ್ನು ಚಟ್ನಿ ಜಾರಿನಲ್ಲಿ ಪುಡಿ ಮಾಡಿದ್ದಳು. ಚಮಚ ತುಟಿಗೆ ತಾಗುವ ಮೊದಲೇ ಶಾರದೆ ಅದನ್ನು ಪತ್ತೆಹಚ್ಚಿ ಕೆಳಗಿಟ್ಟಳು. ತಂಗಿ ಎರಡು ತಿಂಗಳು ಮುನಿಸಿಕೊಂಡಿದ್ದಳು.

ಅಂಥ ಮೂಗು, ಅಂಥ ನಾಲಿಗೆ ಐದನೆಯ ಕೀಮೋ ಹೊತ್ತಿಗೆ ಸೋತುಹೋದವು. ಏನು ತಿಂದರೂ ಮಣ್ಣು ಅಗಿದ ಹಾಗೆ ಎಂದು ತಟ್ಟೆ ಸರಿಸುತ್ತಿದ್ದಳು. ತೂಕ ಇನ್ನೂ ಇಳಿದರೆ ಮುಂದಿನ ಚಿಕಿತ್ಸೆ ಕೊಡಲಾಗದು ಎಂದು ವೈದ್ಯರು ಹೇಳಿದ್ದರು. ರುಚಿ ಮರಳಬಹುದು, ಮರಳದೆಯೂ ಇರಬಹುದು ಎಂದು ವೈದ್ಯರಿಗೆ ಸಹಜವಾದ ನಿಷ್ಪಕ್ಷಪಾತವನ್ನೂ ತೋರಿದ್ದರು. ನನಗೆ ಭಯವಾಗಿತ್ತು. ಹೀಗಿರುವಾಗ ಒಂದು ಬೆಳಿಗ್ಗೆ ಅವಳೇ, ಎದುರು ಫ್ಲ್ಯಾಟಿನ ಗೆಳತಿ ಪ್ರಸನ್ನ ತನ್ನ ಮಗಳ ಹುಟ್ಟುಹಬ್ಬಕ್ಕೆ ಕೊಟ್ಟಿದ್ದ ಚಾಕೊಲೇಟು-ಪುದೀನಾದ ಕೇಕನ್ನು ನೆನೆದಳು.

"ಅದರ ವಾಸನಿ ಭಾಳ ಘಾಟ ಇತ್ರಿ. ಅದಾರೆ ನಾಲಿಗಿಗೆ ಹತ್ತತೈತೇನೊ ನೋಡೋಣು."

ಪ್ರಸನ್ನ ವಿಧಾನ ಹೇಳಿಕೊಟ್ಟಳು. ಈ ಚೀಸ್‌ಕೇಕಿಗೆ ಓವನ್ ಬೇಡವಂತೆ, ಫ್ರಿಜ್ಜೇ ಸಾಕಂತೆ. ಚಹಾವನ್ನೂ ಒಗರು ಮಾಡುವ ನನ್ನಂಥ ಪಾಕಪ್ರವೀಣನಿಗೆ ಒಲೆಯಿಲ್ಲದ ಅಡುಗೆ ವರಪ್ರಸಾದದಂತೆ ಕಂಡಿತು. ಬೆಣ್ಣೆ, ಚಾಕೊಲೇಟು ಕರಗಿಸುವ ಬಿಸಿನೀರಿಗಾಗಿ ಒಲೆ ಹಚ್ಚಿದ್ದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅಂಗಡಿಯ ಚೀಸನ್ನು ನಂಬದೆ, ಶ್ರೀಖಂಡಕ್ಕೆ ಕಟ್ಟುವಂತೆ ಮೊಸರನ್ನು ಪಂಚೆಯ ತುಂಡಿನಲ್ಲಿ ಕಟ್ಟಿ ನಲ್ಲಿಗೆ ತೂಗುಹಾಕಿದೆ. ಬಿಸ್ಕತ್ತನ್ನು ಲಟ್ಟಣಿಗೆಯಿಂದ ಪುಡಿಮಾಡಿ, ಬೆಣ್ಣೆಯಲ್ಲಿ ಕಲಸಿ, ಸ್ಟೀಲ್ ಡಬ್ಬಿಯ ತಳಕ್ಕೆ ಒತ್ತಿದೆ. ಗಟ್ಟಿ ಮೊಸರಿಗೆ ಕೆನೆ, ಚಾಕೊಲೇಟು ಸೇರಿಸಿ ಕಡೆದೆ. ಪುದೀನಾ ಮಾತ್ರ ಒಂದೇ ಹಿಡಿ ಇತ್ತು. ಇಷ್ಟು ಸೊಪ್ಪಿಗೆ ದೊಡ್ಡ ಜಾರೇಕೆಂದು ಕೈಗೆ ಸಿಕ್ಕ ಸಣ್ಣದರಲ್ಲಿ ಸಕ್ಕರೆ ಹಾಕಿ ರುಬ್ಬಿ, ಕಡೆದದ್ದಕ್ಕೆ ಬೆರೆಸಿ, ಡಬ್ಬಿಗೆ ಸುರಿದು ಫ್ರಿಜ್ಜಿನಲ್ಲಿಟ್ಟೆ.

ಸಂಜೆ ತುಂಡು ಕತ್ತರಿಸಿ ಕೊಟ್ಟಾಗ ಅವಳು ಕಣ್ಣು ಮುಚ್ಚಿ ನಿಧಾನವಾಗಿ ತಿಂದಳು. ನಾನು ಫಲಿತಾಂಶಕ್ಕೆ ಕಾದ ವಿದ್ಯಾರ್ಥಿಯ ಹಾಗೆ ಎದುರಿಗೆ ಕೂತಿದ್ದೆ.

"ಹತ್ತಿತ್ರಿ," ಎಂದಳು. "ಪುದೀನಾ ಘಮ್ ಅಂತ ಬಡೀತು. ಛಲೋ ಆಗೇತಿ. ಇನ್ನೊಂದು ತುಂಡು ಕೊಡ್ರಿ."

ಅದನ್ನೂ ತಿಂದಳು. ಆ ಕ್ಷಣ ನನಗಾದ ಸಂತೋಷವನ್ನು ನಿಮಗೆ ಹೇಗೆ ಹೇಳಲಿ? ಆಗಲೇ ವೈದ್ಯರಿಗೆ ಫೋನು ಮಾಡಲು ಹೊರಟವನು, ದಾರಿಯಲ್ಲಿ ಅಡುಗೆಮನೆಗೆ ನುಗ್ಗಿ, ನನ್ನ ಪಾಲಿನ ಕೀರ್ತಿಯೆಂದು ಒಂದು ದೊಡ್ಡ ಚೂರು ಬಾಯಿಗಿಟ್ಟುಕೊಂಡೆ.

ಬೆಳ್ಳುಳ್ಳಿ. ಚಾಕೊಲೇಟನ್ನೂ ಪುದೀನಾವನ್ನೂ ಮೀರಿ, ಬಾಯಿ ತುಂಬ ಹಸಿ ಬೆಳ್ಳುಳ್ಳಿ. ಹಿಂದೆಯೇ ಶೇಂಗಾ ಚಟ್ನಿಯ ವಾಸನೆ. ಸಿಂಕಿಗೆ ಉಗಿದೆ. ಅಲ್ಲೇ ಸಣ್ಣ ಜಾರು, ಮುಚ್ಚಳದ ರಬ್ಬರಿಗೆ ಹಳೆಯ ಚಟ್ನಿ ಅಂಟಿಸಿಕೊಂಡು, ಬಾಯಿ ತೆರೆದುಕೊಂಡು ಬಿದ್ದಿತ್ತು. ಅವಳಿಗೆ ಏನೂ ಹತ್ತಿರಲಿಲ್ಲ. ಬರೀ ಮಣ್ಣನ್ನು, ನನ್ನ ಮುಖ ನೋಡಿ, ಎರಡು ತುಂಡು ತಿಂದಿದ್ದಳು. ಮದುವೆಯಾದಾಗಿನಿಂದ ನನ್ನ ಒಂದು ಲೋಟ ಚಹಾವನ್ನೂ ಹೊಗಳದವಳು ಅಂದು ಹೊಗಳಿದಾಗಲೇ ನನಗೆ ತಿಳಿಯಬೇಕಿತ್ತು.

ಒಳಗಿಂದ ಕೇಳಿದಳು: "ನೀವೂ ತಿಂದ್ರೇನ್ರಿ? ಹೆಂಗಾಗೇತಿ?"

"ಛಲೋ ಆಗೇತಿ," ಎಂದೆ.

ಫೋನು ಮಾಡಲಿಲ್ಲ. ಸಣ್ಣ ಜಾರನ್ನು ಸೋಪು ಹಾಕಿ ಮೂರು ಸಲ ತೊಳೆದೆ. ಮುಚ್ಚಳದ ರಬ್ಬರನ್ನು ಬಿಚ್ಚಿ, ಮೂಸಿ, ಮತ್ತೆ ತಿಕ್ಕಿದೆ. ಮೂರು ಜಾರುಗಳನ್ನೂ ಅವಳು ಇಡುತ್ತಿದ್ದ ಕ್ರಮದಲ್ಲೇ ಕಪಾಟಿನಲ್ಲಿಟ್ಟೆ. ಇನ್ನು ಯಾವುದರಲ್ಲಿ ಏನು ರುಬ್ಬಿದರೂ ಈ ಮನೆಯಲ್ಲಿ ಕಂಡುಹಿಡಿಯುವವರಿಲ್ಲ.