ಸೂತಕದ ಮನೆಯ ಟಿವಿ

ಚೆಂಡಿಯಾ ಕಡೆಯ ಪುನರ್ವಸತಿ ಕಾಲನಿಯಲ್ಲಿ ಯಾರಾದರೂ ಸತ್ತರೆ ಮೊದಲು ಹೊನ್ನಮ್ಮನಿಗೆ ಹೇಳಿಕಳಿಸುತ್ತಿದ್ದರು. ಹೆಣವನ್ನು ಯಾವ ದಿಕ್ಕಿಗೆ ಮಲಗಿಸಬೇಕು, ದೀಪ ಎಲ್ಲಿಡಬೇಕು, ಯಾರಿಗೆ ಹತ್ತು ದಿನದ ಸೂತಕ, ಯಾರಿಗೆ ಮೂರೇ ದಿನದ್ದು ಎಂಬುದೆಲ್ಲ ಅವಳಿಗೆ ಬಾಯಿಪಾಠ. ಅವಳು ಕಾರವಾರದ ಕಚೇರಿಯೊಂದರಲ್ಲಿ ಮೂವತ್ತೊಂದು ವರ್ಷ ಜವಾನಳಾಗಿದ್ದು ನಿವೃತ್ತಳಾದವಳು. ಸಾಹೇಬರ ಬಾಗಿಲ ಹೊರಗೆ ಸ್ಟೂಲಿನ ಮೇಲೆ ಕುಳಿತು, ಯಾರನ್ನು ಒಳಗೆ ಬಿಡಬೇಕು, ಯಾರನ್ನು ಕಾಯಿಸಬೇಕು ಎಂದು ತೀರ್ಮಾನಿಸುತ್ತಿದ್ದ ಅಭ್ಯಾಸ ನಿವೃತ್ತಿಯ ಮೇಲೂ ಬಿಟ್ಟಿರಲಿಲ್ಲ. ಸೂತಕದವರು ತಲೆಗೆ ಎಣ್ಣೆ ಹಚ್ಚಿದರೆ ಅವಳ ಮೂಗಿಗೆ ತಿಳಿಯುತ್ತಿತ್ತು. ಸಾರಿಗೆ ಒಗ್ಗರಣೆ ಕೊಟ್ಟರೆ ಮೂರು ಮನೆ ಆಚೆಯಿಂದ ಕೂಗುತ್ತಿದ್ದಳು. ಟಿವಿಯಂತೂ ಹತ್ತು ದಿನ ಮುಟ್ಟುವಂತಿರಲಿಲ್ಲ.

ಕಡಲತಡಿಯ ಊರುಗಳ ನೆಲ ನೌಕಾನೆಲೆಗೆ ಹೋದಾಗ ಅಲ್ಲಿನ ಕುಟುಂಬಗಳಿಗೆ ಇಲ್ಲಿ ನಿವೇಶನ ಸಿಕ್ಕಿತು. ಎದುರುಬದುರಾಗಿ ಎರಡು ಸಾಲು, ನಡುವೆ ಒಂದು ರಿಕ್ಷಾ ಹೋಗುವಷ್ಟು ದಾರಿ. ಹೊನ್ನಮ್ಮನ ಮನೆಗೆ ನೇರ ಎದುರು ಹರಿಶ್ಚಂದ್ರನ ಮನೆ. ಅವನು ಅವಳ ಗಂಡನ ದೊಡ್ಡಪ್ಪನ ಮಗ. ಹೋದ ನೆಲಕ್ಕೆ ಹೆಚ್ಚುವರಿ ಪರಿಹಾರ ಬಂದ ವರ್ಷ ಸಾಲಿನವರೆಲ್ಲ ಕಾರವಾರದ ಒಂದೇ ಅಂಗಡಿಯಿಂದ ಒಂದೇ ಬಗೆಯ ಟಿವಿ ತಂದಿದ್ದರು. ಕೇಬಲ್ಲಿನವನು ಕೊಟ್ಟ ಪೆಟ್ಟಿಗೆಯೂ ಎಲ್ಲರಿಗೂ ಒಂದೇ. ಹೊನ್ನಮ್ಮ ತನ್ನ ಟಿವಿಯನ್ನು ದಾರಿಯ ಕಡೆಯ ಕಿಟಕಿಯ ಕೆಳಗೆ ಇಟ್ಟಿದ್ದಳು, ಹರಿಶ್ಚಂದ್ರ ಪಕ್ಕದ ಗೋಡೆಗೆ.

ಹೊನ್ನಮ್ಮನ ರಿಮೋಟು ನೀರಿನ ಬಾಲ್ದಿಗೆ ಬಿದ್ದು ಹಾಳಾಗಿತ್ತು. ಬಂದರಿನಲ್ಲಿ ಪಾಳಿಯ ಕೆಲಸ ಮಾಡುವ ಮಗ ಕಿಶನ ತನ್ನ ಹಳೆಯ ಮೊಬೈಲನ್ನು ಅವಳಿಗೆ ಕೊಟ್ಟ. ಅದರಲ್ಲಿ ಸಿಮ್ ಇಲ್ಲ, ಗಾಜು ಒಂದು ಮೂಲೆಯಲ್ಲಿ ಒಡೆದಿದೆ. ಫೋನಾಗಿ ಅದು ಸತ್ತಿತ್ತು, ಅಂಗೈಯಗಲದ ಕಂಪ್ಯೂಟರಾಗಿ ಬದುಕಿತ್ತು. ಅದರ ನೆತ್ತಿಯ ಮೇಲೆ ರಿಮೋಟಿಗಿರುವಂಥದೇ ಸಣ್ಣ ಕಣ್ಣು. ಕಿಶನ ಅದರಲ್ಲಿ ಟಿವಿಯ ಹೆಸರು, ಪೆಟ್ಟಿಗೆಯ ಹೆಸರು ಹುಡುಕಿ ಕೂರಿಸಿ, ಒಂದೇ ಗುಂಡಿ ಒತ್ತಿದರೆ ಎರಡೂ ಹತ್ತುವಂತೆ ಮಾಡಿಕೊಟ್ಟ. ಹೊನ್ನಮ್ಮ ಎರಡೇ ದಿನದಲ್ಲಿ ಕಲಿತಳು. ಕಚೇರಿಯಲ್ಲಿ ಝೆರಾಕ್ಸ್ ಯಂತ್ರವನ್ನೂ ಅವಳು ಹೀಗೆಯೇ ಕಲಿತದ್ದು.

ಮಳೆ ನಿಂತ ಮೇಲೆ ಹರಿಶ್ಚಂದ್ರ ತೀರಿಕೊಂಡ. ಹೆಣ ಮಲಗಿಸಲು ಜಾಗ ಬೇಕೆಂದು ಅವನ ಟಿವಿಯನ್ನು ಪಕ್ಕದ ಗೋಡೆಯಿಂದ ತೆಗೆದು ಹಿಂದಿನ ಗೋಡೆಗೆ, ಬಾಗಿಲಿಗೆ ಮುಖಮಾಡಿ ಇಟ್ಟರು. ತಂತಿಗಳನ್ನು ಮತ್ತೆ ಸಿಕ್ಕಿಸಿದವರು ಗೋಡೆಯ ಸ್ವಿಚ್ಚು ಆರಿಸಲಿಲ್ಲ. ರಿಮೋಟನ್ನು ಹೊನ್ನಮ್ಮನೇ ಎತ್ತಿ ಕಪಾಟಿನ ತಲೆಯ ಮೇಲಿಟ್ಟಳು. ಹೆಣವಿದ್ದ ಜಾಗದಲ್ಲಿ ದೀಪ ಹಚ್ಚಿ, ಹತ್ತು ದಿನ ಅದು ಆರದಂತೆ ನೋಡಿಕೊಳ್ಳುವ ಕೆಲಸವನ್ನು ಸೊಸೆ ನೀತಾಳಿಗೆ ವಹಿಸಿದವಳೂ ಅವಳೇ. ನೀತಾ ಶೆಟಗೇರಿಯ ಹುಡುಗಿ. ಹರಿಶ್ಚಂದ್ರನ ಮಗ ಗುರುಪ್ರಸಾದನನ್ನು ಮದುವೆಯಾಗಿ ಏಳು ತಿಂಗಳಾಗಿತ್ತು.

ಒಂದೇ ಕುಟುಂಬವಾದ್ದರಿಂದ ಹೊನ್ನಮ್ಮನಿಗೂ ಹತ್ತು ದಿನದ ಸೂತಕ. ಮೊದಲ ದಿನ ಅವಳು ಟಿವಿ ಹಚ್ಚಲಿಲ್ಲ. ಎರಡನೆಯ ದಿನದಿಂದ ಸಂಜೆ ಏಳಕ್ಕೆ ಬಾಗಿಲು ಮುಂದೆ ಮಾಡಿ, ಧ್ವನಿಯನ್ನು ಸೊನ್ನೆಗಿಳಿಸಿ ತನ್ನ ಧಾರಾವಾಹಿ ನೋಡಿದಳು. ಕೇಳಿಸದಿದ್ದರೆ ನೋಡಿದಂತಾಗುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಬೇರೆಯವರು ಈ ಮಾತು ಹೇಳಿದ್ದರೆ ಅವಳು ಒಪ್ಪುತ್ತಿರಲಿಲ್ಲ. ಸೆಕೆಯಾದರೂ ಕಿಟಕಿ ಮುಚ್ಚಿಯೇ ಇಡುತ್ತಿದ್ದಳು. ಐದನೆಯ ದಿನ ಕರೆಂಟು ಹೋಗಿ ಪಂಖ ನಿಂತಿತ್ತು, ಅದಕ್ಕೇ ಕಿಟಕಿ ತೆರೆದಳು. ಕರೆಂಟು ಬಂದದ್ದೇ ಮೊಬೈಲು ಎತ್ತಿ ಗುಂಡಿ ಒತ್ತಿದಳು.

ಎದುರುಮನೆಯಲ್ಲಿ ಟಿವಿ ಅಬ್ಬರಿಸಿತು. ಹರಿಶ್ಚಂದ್ರನಿಗೆ ಕಿವಿ ಮಂದವಾಗಿತ್ತು, ಧ್ವನಿ ಅವನಿಟ್ಟಲ್ಲೇ ಇತ್ತು. ತಲೆಗೂದಲಿನ ಎಣ್ಣೆಯ ಜಾಹೀರಾತು ಕಾಲನಿಯ ಕೊನೆಯ ಮನೆಯವರೆಗೂ ಕೇಳಿತು.

ಹೊನ್ನಮ್ಮ ತನ್ನ ಟಿವಿ ಆರಿಸಿ ಎದ್ದಳು. ಎದುರಿನದೂ ಆಗಲೇ ಆರಿದ್ದನ್ನು ಅವಳು ಗಮನಿಸಲಿಲ್ಲ. ದಾರಿ ದಾಟಿ ಹೋದಳು. ಒಳಗೆ ಮಾತಾಡಿಸಲು ಬಂದ ಹತ್ತು ಹನ್ನೆರಡು ಹೆಂಗಸರು ಅಡುಗೆಮನೆಯ ಬಾಗಿಲಲ್ಲಿ ಗುಂಪಾಗಿ ನಿಂತಿದ್ದರು. ದೀಪದ ಹತ್ತಿರ ನೀತಾ ಒಬ್ಬಳೇ.

"ಏನೇ ಇದು? ದೀಪದ ಎದುರಿಗೆ ಟಿವಿ ಹಚ್ತ್ಯಾ?"

"ನಾ ಹಚ್ಲಿಲ್ಲ ದೊಡ್ಡತ್ತೆ. ಅದೇ ಹತ್ಕಂತು."

"ಅದೇ ಹತ್ಕಂತು! ಅದಕ್ಕೆ ಕೈ ಅದ್ಯಾ? ಶೆಟಗೇರಿಲಿ ನಿಮ್ಮ ಟಿವಿ ಎಲ್ಲ ತಾನೇ ಹತ್ಕಂತದ್ಯಾ?"

"ರಿಮೋಟು ಕಪಾಟಿನ ಮೇಲೆ ಅದೆ, ನೋಡಿ. ನಂಗೆ ನಿಲುಕೂದೂ ಇಲ್ಲ."

"ಬಟನ್ನು ಟಿವಿಲೂ ಅದೆ, ನಂಗೆ ಕಲಿಸ್ಬೇಡ. ನಾಚಿಕೆ ಅಂಬೂದು ಅಪ್ಪನ ಮನೇಲೇ ಬಿಟ್ಟು ಬಂದ್ಯಾ?"

ಹರಿಶ್ಚಂದ್ರನ ಹೆಂಡತಿ ಗಂಗೂ ಗೋಡೆಗೆ ಒರಗಿದ್ದಳು. "ನನ್ನ ಯಜಮಾನ್ರು ಹೋಗಿ ಐದು ದಿನ ಆಗ್ಲಿಲ್ಲ ಅಕ್ಕ, ಇವಳಿಗೆ ಧಾರಾವಾಹಿ ತಪ್ಪೋಗ್ತದೆ" ಎಂದು ಅತ್ತಳು.

ಆರನೆಯ ದಿನ ಸಂಜೆಯೂ ಕರೆಂಟು ಹೋಗಿ ಬಂದು ಹಾಗೆಯೇ ಆಯಿತು. ಈ ಸಲ ಹೊನ್ನಮ್ಮ ಏಳಲಿಲ್ಲ. ಕೈಯಲ್ಲಿದ್ದುದನ್ನು ನೋಡಿದಳು, ತೆರೆದ ಕಿಟಕಿಯನ್ನು ನೋಡಿದಳು, ಆಚೆಯ ತೆರೆದ ಬಾಗಿಲನ್ನು ನೋಡಿದಳು. ಗುಂಡಿ ಒತ್ತಿದಳು. ಅಲ್ಲಿ ಸದ್ದು ನಿಂತಿತು. ಗಂಗೂ ಸೊಸೆಯನ್ನು ಬೈಯುವುದು ಸ್ಪಷ್ಟವಾಗಿ ಕೇಳಿಸಿತು.

ಬೆಳಿಗ್ಗೆ ಗಂಗೂ ಬಂದು ಜಗಲಿಯಲ್ಲಿ ಕುಳಿತಳು. "ಅವಳ ಅಪ್ಪಂಗೆ ಫೋನ್ ಮಾಡ್ಸಿದ್ದೆ. ನಾಳೆ ಬಂದು ಕರ್ಕಂಡು ಹೋಗ್ಲಿ. ಹನ್ನೊಂದರ ದಿನ ಇವಳು ಅನ್ನದ ಪಾತ್ರೆ ಮುಟ್ಟೂದು ಬೇಡ. ಗುರುಪ್ರಸಾದ ಬಾಯಿ ಬಿಡೂದಿಲ್ಲ. ಸರಿಯೋ ತಪ್ಪೋ ನೀನೇ ಹೇಳ್ಬೇಕು ಅಕ್ಕ."

ಹನ್ನೊಂದರ ದಿನ ಸೊಸೆ ಅನ್ನ ಬಡಿಸದಿದ್ದರೆ ಅವಳು ಆ ಮನೆಯವಳಲ್ಲ ಎಂದು ಊರಿಗೆ ಹೇಳಿದಂತೆ. ಆಮೇಲೆ ಕರೆದು ತಂದರೂ ಆ ಮಾತು ಅಳಿಸುವುದಿಲ್ಲ. ಇದೂ ಹೊನ್ನಮ್ಮನಿಗೆ ಗೊತ್ತಿತ್ತು.

"ನೋಡ್ವಾ" ಎಂದಳು. "ನಾಳೆ ಹೇಳ್ತೆ." ಮೂವತ್ತೊಂದು ವರ್ಷ ಸಾಹೇಬರ ಬಾಗಿಲಲ್ಲಿ ನಿಂತವರಿಗೆ ಅವಳು ಹೇಳಿದ್ದೂ ಇದನ್ನೇ.

ಆ ದಿನವೆಲ್ಲ ಲೆಕ್ಕ ಹಾಕಿದಳು. ನಿಜ ಹೇಳಿದರೆ ಸೂತಕದಲ್ಲಿ ಟಿವಿ ನೋಡಿದವಳು ತಾನೆಂದು ಹೇಳಬೇಕು. ಹೇಳದಿದ್ದರೆ ಹುಡುಗಿ ಬಸ್ಸು ಹತ್ತುತ್ತಾಳೆ, ಯಾರಿಗೂ ಏನೂ ತಿಳಿಯುವುದಿಲ್ಲ. ಈ ಎರಡನೆಯ ದಾರಿಯ ಅನುಕೂಲ ಅವಳಿಗೆ ಚೆನ್ನಾಗಿಯೇ ಕಂಡಿತು. ಸಂಜೆ ಟಿವಿ ಹಚ್ಚಲಿಲ್ಲ. ಎದುರುಮನೆಯದೂ ಸುಮ್ಮನಿತ್ತು, ಅಪ್ಪನಿಗೆ ಹೇಳಿದ್ದೇ ಬುದ್ಧಿ ಬಂತು ಎಂದು ಗಂಗೂ ಎಲ್ಲರಿಗೂ ಹೇಳಿದಳು.

ಎಂಟನೆಯ ದಿನ ನೀತಾಳ ಅಪ್ಪ ಅಶೋಕ ಬಾಳೆಹಣ್ಣಿನ ಗೊನೆಯೊಂದನ್ನು ಹಿಡಿದು ಬಸ್ಸಿಳಿದು ಬಂದ. ಸ್ವಲ್ಪ ಗದ್ದೆ, ಉಳಿದ ದಿನ ಕೂಲಿ ಅವನ ಬದುಕು.

"ಅಲ್ಲ ಗಂಗಕ್ಕ" ಎಂದ, "ನಮ್ಮನೆ ಟಿವಿ ಕೆಟ್ಟು ಎರಡು ವರ್ಷ ಆಯ್ತು. ರಿಪೇರಿ ಮಾಡ್ಸು ಅಂತ ಇವಳು ಒಂದಿನ ಹೇಳ್ಲಿಲ್ಲ. ನಿಮ್ಮನೇಗೆ ಬಂದು ಹೆಣದ ದೀಪದ ಎದುರಿಗೆ ಹುಚ್ಚು ಹಿಡಿತಾ?"

"ಹಾಂಗಾರೆ ನಾನು ಸುಳ್ಳು ಹೇಳ್ತ್ನಾ?"

"ನೀವು ಸುಳ್ಳಲ್ಲ, ಟಿವಿ ಸುಳ್ಳು ಅಂತೆ ನಾನು."

ನೀತಾಳ ಚೀಲ ಬಾಗಿಲ ಬಳಿ ಇತ್ತು. ಗುರುಪ್ರಸಾದ ಬೋಳಿಸಿದ ತಲೆಯ ಮೇಲೆ ಕೈಯಿಟ್ಟುಕೊಂಡು ನೆಲ ನೋಡುತ್ತಿದ್ದ. ಗಂಗೂ ಹೊನ್ನಮ್ಮನತ್ತ ತಿರುಗಿ, "ಅಕ್ಕ, ಹೇಳು" ಎಂದಳು.

ಹೊನ್ನಮ್ಮ ಎದ್ದು ತನ್ನ ಮನೆಗೆ ಹೋದಳು. ಕಿಟಕಿ ತೆರೆದು ದಿನಾ ಕೂರುವ ಕುರ್ಚಿಯಲ್ಲಿ ಕುಳಿತು ಗುಂಡಿ ಒತ್ತಿದಳು. ಎದುರಿನ ಟಿವಿ ಕಿರುಚಿತು. ಅಶೋಕನ ಕೈಯಿಂದ ಚಹದ ಲೋಟ ಬಿತ್ತು. ಅವಳು ಆರಿಸಿದಳು, ಮತ್ತೆ ಹಚ್ಚಿದಳು, ಮತ್ತೆ ಆರಿಸಿದಳು. ಮೂರನೆಯ ಸಲಕ್ಕೆ ಎಲ್ಲರೂ ದಾರಿಗೆ ಬಂದು ಅವಳ ಕಿಟಕಿಯನ್ನು ನೋಡುತ್ತಿದ್ದರು. ಹೊನ್ನಮ್ಮ ಮೊಬೈಲನ್ನು ಎತ್ತಿ ತೋರಿಸಿದಳು.

"ನೀನಾ ಅಕ್ಕ?" ಗಂಗೂ ಕೇಳಿದಳು. "ಸೂತಕ ನಿಂಗೂ ಇತ್ತಲ್ಲೇ?"

"ಇತ್ತು."

"ಟಿವಿ ನೋಡ್ತಿದ್ಯಾ?"

"ಎರಡನೇ ದಿನದಿಂದ."

"ಇದು ಗೊತ್ತಾಗಿ ಎಷ್ಟು ದಿನ ಆಯ್ತು?"

"ಮೊನ್ನೆ."

ಅಶೋಕ ನಕ್ಕುಬಿಟ್ಟ. ಆಮೇಲೆ ಸಾವಿನ ಮನೆ ಎಂದು ನೆನಪಾಗಿ ಬಾಯಿಗೆ ಟವೆಲ್ ಒತ್ತಿಕೊಂಡ. ಗಂಗೂ ನೀತಾಳ ಚೀಲವನ್ನು ಎತ್ತಿ ಒಳಗಿಡಲು ಹೋದಳು. ನೀತಾ ಬಿಡಲಿಲ್ಲ.

"ಇಲ್ಲೇ ಇರ್ಲಿ" ಎಂದಳು. ಆಮೇಲೆ ಹೊನ್ನಮ್ಮನ ಕಿಟಕಿಯ ಹತ್ತಿರ ಬಂದಳು. "ದೊಡ್ಡತ್ತೆ, ಆ ದಿನ ಹನ್ನೆರಡು ಜನ ಹೆಂಗಸರ ಎದುರಿಗೆ ನಂಗೆ ನಾಚಿಕೆ ಇಲ್ಲ ಅಂದ್ರಿ. ಈಗ ಮೊಬೈಲ್ ತೋರ್ಸಿದ್ದು ನಾಲ್ಕು ಜನಕ್ಕೆ."

"ಎಲ್ಲರಿಗೂ ಗೊತ್ತಾಗ್ತದೆ ಬಿಡೆ. ಕಾಲನಿಲಿ ಮಾತು ನಿಲ್ತದ್ಯಾ?"

"ಅದು ಅವರು ಹೇಳೂದು. ನೀವು ಹೇಳ್ಬೇಕು. ಹನ್ನೊಂದಕ್ಕೆ ಅವರೆಲ್ಲ ಊಟಕ್ಕೆ ಬತ್ರು. ನೀವು ಹೇಳ್ರೆ ನಾನು ಅನ್ನ ಬಡಿಸ್ತೆ. ಇಲ್ಲಾಂದ್ರೆ ಅಪ್ಪನ ಸಂಗಡ ಹೋಗ್ತೆ."

ಕಾಲನಿಯಲ್ಲಿ ಯಾರೂ ಹೊನ್ನಮ್ಮನಿಗೆ ಷರತ್ತು ಹಾಕಿದವರಿರಲಿಲ್ಲ. ಅವಳು ಕಿಟಕಿ ಮುಚ್ಚಿದಳು.

ಮಧ್ಯದ ಎರಡು ದಿನ ಯಾರೂ ಅವಳನ್ನು ಏನನ್ನೂ ಕೇಳಲು ಬರಲಿಲ್ಲ. ಎಳ್ಳು ಎಷ್ಟು, ದರ್ಭೆ ಎಲ್ಲಿಂದ ಎಂದು ಗುರುಪ್ರಸಾದ ಭಟ್ಟರಿಗೇ ಫೋನ್ ಮಾಡಿದ. ಅಶೋಕ ಊರಿಗೆ ಹೋಗಿ ಹನ್ನೊಂದರ ಬೆಳಿಗ್ಗೆ ಮತ್ತೆ ಬಂದ. ಮಗಳ ಚೀಲ ಬಾಗಿಲ ಬಳಿಯೇ ಇತ್ತು.

ವಿಧಿಗಳು ಮುಗಿದು, ಶುದ್ಧವಾಗಿ, ಎಲೆ ಹಾಕಿದರು. ಹೊನ್ನಮ್ಮ ಬಂದಳು. ಹೆಂಗಸರ ಸಾಲಿನ ಎದುರು ನಿಂತಳು. ಅವಳು ಕೂರಲಿಲ್ಲ.

"ಟಿವಿ ಹಚ್ಚಿದ್ದು ನಾನು. ನನ್ನ ಮನೇಲಿ ಕೂತು ಹಚ್ಚಿದ್ದು ಇಲ್ಲಿ ಹತ್ತಿತು. ಸೂತಕದಲ್ಲಿ ನೋಡಿದ್ದೂ ಹೌದು. ನೀತಾಂಗೆ ನಾಚಿಕೆ ಇಲ್ಲ ಅಂದಿದ್ದೆ, ಅದು ತಪ್ಪು." ಕಚೇರಿಯಲ್ಲಿ ಸುತ್ತೋಲೆ ಓದಿಹೇಳುವ ಧ್ವನಿಯಲ್ಲಿ ಇಷ್ಟನ್ನು ಹೇಳಿ, ಸಾಲಿನ ಕೊನೆಯಲ್ಲಿ ಖಾಲಿ ಇದ್ದ ಎಲೆಯ ಮುಂದೆ ಕುಳಿತಳು.

"ಧಾರಾವಾಹಿಲಿ ಆಮೇಲೆ ಎಂತಾಯ್ತು, ಅದನ್ನಾದ್ರೂ ಹೇಳೆ ಹೊನ್ನಮ್ಮಕ್ಕ" ಎಂದು ಯಾರೋ ಅಂದರು. ಇನ್ನೊಬ್ಬಳು ಕಿಸಕ್ಕೆಂದಳು. ಹೊನ್ನಮ್ಮ ತಲೆ ಎತ್ತಲಿಲ್ಲ.

ನೀತಾ ಸೆರಗು ಸಿಕ್ಕಿಸಿ ಅನ್ನದ ಪಾತ್ರೆ ಎತ್ತಿಕೊಂಡಳು. ಸಾಲಿನ ಆರಂಭದಿಂದ ಬಡಿಸುತ್ತ ಬಂದಳು. ಹೊನ್ನಮ್ಮನ ಎಲೆಗೂ ಉಳಿದವರಿಗೆ ಹಾಕಿದಷ್ಟೇ ಅನ್ನ ಹಾಕಿ, ಗಂಡಸರ ಸಾಲಿಗೆ ಹೋದಳು.