ಕೂರಿಸಿಟ್ಟ ಸೊಂಟದ ಮೂಳೆ

ಎಪ್ಪತ್ತರ ದಶಕದಲ್ಲಿ ನಾನು ದಾವಣಗೆರೆಯಲ್ಲಿ ಡಾಕ್ಟರಿಕೆ ಓದುತ್ತಿದ್ದೆ. ಅನಾಟಮಿಯಲ್ಲಿ ಒಮ್ಮೆ ಡುಮ್ಕಿ ಹೊಡೆದಾಗಿತ್ತು. "ಈ ಸಲಾನೂ ಹೋದ್ರೆ ಕಾಲೇಜು ಸಾಕು, ಗಂಡು ನೋಡ್ತೀನಿ" ಎಂದು ಅಪ್ಪ ಖಡಾಖಂಡಿತವಾಗಿ ಹೇಳಿದ್ದ. ಆ ಭಯಕ್ಕೆ ಸೀನಿಯರ್ ಒಬ್ಬಳಿಂದ ನಿಜವಾದ ಸೊಂಟದ ಮೂಳೆಯನ್ನೇ ಎರವಲು ಪಡೆದು, ಚೀಲಕ್ಕೆ ಹಾಕಿಕೊಂಡು ನಮ್ಮೂರು ಚನ್ನಗಿರಿಯ ಬಸ್ಸು ಹತ್ತಿದೆ.

ಅವ್ವ ಹೊಸಲಲ್ಲೇ ತಡೆದಳು. "ಹೆಣದ ಮೂಳೆ ಒಳಗೆ ತರಬ್ಯಾಡ ಕಣೆ. ಹಿತ್ತಲ ಕೋಣ್ಯಾಗೆ ಓದ್ಕೋ."

ಸೌದೆ, ಹಳೇ ಗೋಣಿಚೀಲಗಳ ಆ ಕೋಣೆಯೇ ನನ್ನ ಪಾಲಿಗೆ ಬಂತು. ತಂಗಿಯರು ಊಟದ ತಟ್ಟೆ ಹೊರಗಿಟ್ಟು ಓಡುತ್ತಿದ್ದರು. ಅಡುಗೆಮನೆಯಿಂದ ಅವರ ನಗು ಕೇಳಿದಾಗಲೆಲ್ಲ ನನಗೆ ಅಳು ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು. ಮನೆಗೊಬ್ಬ ಡಾಕ್ಟರು ಬೇಕು, ಮೂಳೆ ಮಾತ್ರ ಯಾರಿಗೂ ಬೇಡ!

ಅಜ್ಜಿಯೊಬ್ಬಳೇ ಒಳಗೆ ಬಂದಳು. "ಗಂಡೋ, ಹೆಣ್ಣೋ?"

"ಹೆಣ್ಣು ಕಣಜ್ಜಿ. ಮುಂದಿನ ಕಮಾನು ನೋಡು, ಎಷ್ಟು ಅಗಲ ಐತೆ. ಕೂಸು ಹೊರಗೆ ಬರಾಕೆ ಇದೇ ದಾರಿ."

"ಮಣ್ಣು ಮಾಡ್ಲಿಲ್ವಾ ಇವಳನ್ನ?"

"ಹೆಣ ಕೇಳಾಕೆ ಯಾರೂ ಬರಲಿಲ್ಲ ಅನ್ಸುತ್ತೆ."

ನಮ್ಮಲ್ಲಿ ಸತ್ತವರನ್ನು ಮಲಗಿಸಿ ಹೂಳುವುದಿಲ್ಲ, ಗುಣಿಯಲ್ಲಿ ಕೂರಿಸುತ್ತೇವೆ. "ಪಾಪ, ಹಿಂಗ್ಯಾಕೆ ಬೋರಲು ಬಿದ್ದಿರಬೇಕು? ಕುಂದ್ರಿಸವ್ವ" ಎಂದಳು ಅಜ್ಜಿ. ಮೂಳೆಯ ಬುಡದಲ್ಲಿರುವ, ಕುಳಿತಾಗ ನೆಲಕ್ಕೆ ಊರುವ ಎರಡು ಗಂಟುಗಳ ಮೇಲೆ ಅದನ್ನು ಕಂಬಳಿಯಲ್ಲಿ ನೆಟ್ಟಗೆ ಕೂರಿಸಿದೆ. ಅಜ್ಜಿ ವಿಭೂತಿ ಹಚ್ಚಿದಳು. ಅಂದಿನಿಂದ ಓದಿ ಮುಗಿದ ಮೇಲೆಲ್ಲ ಅದನ್ನು ಹಾಗೇ ಕೂರಿಸುತ್ತಿದ್ದೆ. ಅಜ್ಜಿ ಪಕ್ಕದಲ್ಲಿ ಎಲೆಅಡಿಕೆ ಮೆಲ್ಲುತ್ತ ತನ್ನ ಹೆರಿಗೆಗಳ ಕಥೆ ಹೇಳುತ್ತಿದ್ದಳು.

ಪರೀಕ್ಷೆಯಲ್ಲಿ ಎಕ್ಸಾಮಿನರ್ ಅಂಥದೇ ಮೂಳೆ ಕೊಟ್ಟು, "ಅನಾಟಮಿಕಲ್ ಪೊಸಿಷನ್‌ನಲ್ಲಿ ಹಿಡಿಯಮ್ಮ" ಎಂದರು. ಅಂದರೆ, ನಿಂತ ಮನುಷ್ಯನಲ್ಲಿ ಇರುವ ಹಾಗೆ ಮುಂದಕ್ಕೆ ಬಾಗಿಸಿ ಹಿಡಿಯಬೇಕು. ನನಗದು ಬಾಯಿಪಾಠ. ಕೈ ಕೇಳಬೇಕಲ್ಲ! ಮೇಜಿನ ಮೇಲೆ ನೆಟ್ಟಗೆ ಕೂರಿಸಿಬಿಟ್ಟೆ.

"ಇದೇನು ಹೀಗೆ?" ಎಂದರು.

ನಮ್ಮಲ್ಲಿ ಕೂರಿಸುತ್ತಾರೆ ಸಾರ್ ಎಂದು ನಾಲಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಆಮೇಲಿನ ಪ್ರಶ್ನೆಗಳಿಗೆಲ್ಲ ಏನೇನೋ ತಪ್ಪುತಪ್ಪಾಗಿ ಒದರಿದೆ.

ಫೇಲಾದೆ. ಅಪ್ಪ ಆಡಿದಂತೆ ಮಾಡಿದ. ಹೊನ್ನಾಳಿಯ ಗಂಡು ಗೊತ್ತಾಯಿತು. ಮನೆ ತುಂಬ ಸಂಭ್ರಮ. ಅಜ್ಜಿ ಮಾತ್ರ ನನ್ನನ್ನು ಪಕ್ಕಕ್ಕೆ ಕರೆದು, "ಅವಳ ಮೂಳೆ ಬಗ್ಗೆ ಕೇಳಿದ್ರೇನವ್ವ?" ಎಂದಳು.

ಎಲ್ಲ ಹೇಳಿಕೊಂಡು ಅತ್ತುಬಿಡಬೇಕೆನಿಸಿತು. ಆ ಮನೆಯಲ್ಲಿ ನನಗಿದ್ದವಳು ಅವಳೊಬ್ಬಳೇ. ಹೇಳಿದರೆ, ಕೂರಿಸು ಅಂದವಳು ನಾನೇ ಎಂದು ಸಾಯುವ ತನಕ ಕೊರಗುತ್ತಿದ್ದಳು.

"ಇಲ್ಲಜ್ಜಿ, ಬೇರೆ ಏನೋ ಕೇಳಿದ್ರು."

"ಅದಕ್ಕೇ ಮತ್ತೆ" ಎಂದು ಅಜ್ಜಿ ನನ್ನ ತಲೆ ಸವರಿದಳು. "ಅವಳ ಬಗ್ಗೆ ಕೇಳಿದ್ರೆ ನೀನು ಪಾಸಾಗ್ತಿದ್ದೆ ಬಿಡು."