ಚಿಗವ್ವ ಓಟು ಹಾಕಿದ್ದು

ಓಟಿನ ದಿನ ಬೆಳಿಗ್ಗೆ ಕಪಾಟಿನ ಸೀರೆಗಳ ಕೆಳಗಿಂದ ಗುರುತಿನ ಚೀಟಿ ಹೊರತೆಗೆದೆ. ನಮ್ಮ ಮನೆಯವರು ಅದನ್ನು ಇಸಿದುಕೊಂಡು, ಕನ್ನಡಕ ಏರಿಸಿ ನೋಡಿ, “ಇದು ನೀನೇನ? ಯಾವ್ದೋ ಕೇಸಿನಾಗ ಸಿಕ್ಕೊಂಡಾಕಿ ಇದ್ದಂಗ ಐತಿ” ಅಂದರು. ಸುಳ್ಳೇನಲ್ಲ. ಫೋಟೋ ತೆಗೆಯುವ ಹುಡುಗ ‘ನಗಬ್ಯಾಡ್ರಿ’ ಅಂದಿದ್ದ, ನಾನು ಬೇಕಾದ್ದಕ್ಕಿಂತ ಹೆಚ್ಚೇ ಅವನ ಮಾತು ಕೇಳಿಬಿಟ್ಟಿದ್ದೆ. ನನ್ನ ಮುಖ ನನ್ನದೇ ಅಂತ ಈಗ ಮತಗಟ್ಟೆಯವರನ್ನು ನಂಬಿಸಬೇಕು. ಹೀಗೆ ಗೊಣಗುತ್ತಿರುವಾಗ ಚಿಗವ್ವ ನೆನಪಾದಳು. ಚಿಗವ್ವ ಅಂದರೆ ಅಪ್ಪನ ತಮ್ಮನ ಹೆಂಡತಿ. ಆಕೆಯ ಪೇಚು ನನ್ನದಕ್ಕಿಂತ ದೊಡ್ಡದು. ಆಕೆಯನ್ನು ಗುರುತಿಸಬೇಕಾಗಿದ್ದ ಮನುಷ್ಯ ಆಕೆಯ ಮುಖವನ್ನೇ ನೋಡಿರಲಿಲ್ಲ.

ಆ ಮನುಷ್ಯ ನಮ್ಮಪ್ಪ. ಒಂದೇ ಮನೆಯಲ್ಲಿದ್ದೂ ನೋಡಿರಲಿಲ್ಲವೇ ಅಂತ ನೀವು ಕೇಳುತ್ತೀರಿ. ಇದು ಎಪ್ಪತ್ತರ ದಶಕದ ಗುಡೂರಿನ ಮಾತು. ಗಂಡನ ಅಣ್ಣನ ಎದುರಿಗೆ ಬರಬಾರದು, ಬರಲೇಬೇಕಾದರೆ ಸೆರಗು ಮುಖದ ಮೇಲೆ ಇಳಿಯಬೇಕು, ಮಾತಂತೂ ಕೂಡದು ಎಂಬುದು ನಮ್ಮ ಮನೆಯ ರೀತಿ. ಚಿಗವ್ವ ಇಲಕಲ್ಲಿನವಳು, ಮಗ್ಗದ ಸದ್ದನ್ನು ಮೀರಿಸಿ ಮಾತಾಡುತ್ತ ಬೆಳೆದವಳು. ಒಲೆಯ ಮುಂದೆ ನಮ್ಮನ್ನೆಲ್ಲ ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತಿದ್ದವಳು, ಅಂಗಳದಲ್ಲಿ ಅಪ್ಪ ಕೆಮ್ಮಿದರೆ ಗಪ್ಪಾಗುತ್ತಿದ್ದಳು. ಅಪ್ಪ ಕೆಮ್ಮುತ್ತಿದ್ದದ್ದೂ ಅದಕ್ಕೇ. ಅವನ ಗಂಟಲಿಗೆ ಬೇರೇನೂ ರೋಗವಿರಲಿಲ್ಲ. ಊಟಕ್ಕೆ ಅವನು ಪಡಸಾಲೆಯಲ್ಲಿ ಅಡುಗೆಮನೆಯ ಬಾಗಿಲಿನ ಪಕ್ಕ ಕೂರುತ್ತಿದ್ದ. ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಬಾಗಿಲ ಮರೆಯಿಂದ ಚಿಗವ್ವನ ಎರಡು ಕೈ ಮಾತ್ರ ಹೊರಬರುತ್ತಿದ್ದವು, ಎಡಗೈಯಲ್ಲಿ ಬುಟ್ಟಿ, ಬಲಗೈಯಲ್ಲಿ ರೊಟ್ಟಿ. “ಸಾಕು” ಎಂದು ಅಪ್ಪ ಯಾರಿಗೂ ಅಲ್ಲ ಎಂಬಂತೆ ಹೇಳುತ್ತಿದ್ದ. ರೊಟ್ಟಿ ತಾಟಿಗೆ ಬೀಳುತ್ತಿತ್ತು.

ಆ ಪೇಚು ನಡೆದ ಚುನಾವಣೆಯ ಹಿಂದಿನದರಲ್ಲಿ ಚಿಗವ್ವ ಕೆಲಸವೆಲ್ಲ ಮುಗಿಸಿ ಮತಗಟ್ಟೆಗೆ ಹೋಗುವಷ್ಟರಲ್ಲಿ ಆಕೆಯ ಓಟನ್ನು ಯಾರೋ ಹಾಕಿ ಹೋಗಿದ್ದರು. ಸೆರಗಿನೊಳಗೆ ಯಾರಿದ್ದರೋ ಯಾರಿಗೆ ಗೊತ್ತು. ಅದನ್ನು ಆಕೆ ಮರೆಯಲೇ ಇಲ್ಲ. “ನನ್ನ ಹೊಟ್ಟಿಗಿ ಇನ್ನೊಬ್ಬಾಕಿ ಉಂಡ್ರ ನಡಿತೈತೇನವಾ? ಈ ಸಲ ನನ್ನ ಓಟು ನಾನೇ ಹಾಕ್ತೇನಿ” ಎಂದು ನನ್ನ ಮುಂದೆ ಎಷ್ಟೋ ಸಲ ಅಂದಿದ್ದಳು.

ನನಗೆ ಆಗಷ್ಟೇ ಇಪ್ಪತ್ತೊಂದು ತುಂಬಿ ಮೊದಲ ಓಟು ಬಂದಿತ್ತು. ಹೊಸ ಕುಪ್ಪಸ ತೊಟ್ಟು, ಸರಕಾರ ನನ್ನೊಬ್ಬಳಿಂದಲೇ ಬದಲಾಗುತ್ತದೆ ಎಂಬ ಬಿಗುಮಾನದಲ್ಲಿ ಚಿಗವ್ವನ ಜೊತೆ ಹೊರಟೆ. ಆಕೆ ರೇಷನ್ ಕಾರ್ಡನ್ನು ಕುಪ್ಪಸದೊಳಗೆ ಸಿಕ್ಕಿಸಿಕೊಂಡಿದ್ದಳು. ಶಾಲೆಯ ಮುಂದಿನ ಸಾಲಿನಲ್ಲಿ ಹೆಂಗಸರೆಲ್ಲರ ತಲೆಯ ಮೇಲೂ ಇಲಕಲ್ ಸೀರೆಯ ಅದೇ ಕೆಂಪು ಸೆರಗು. ನಾನೇ ಒಮ್ಮೆ ಬೇರೆ ಯಾರನ್ನೋ ಚಿಗವ್ವ ಅಂದುಕೊಂಡು ಜಗ್ಗಿ ಬೈಸಿಕೊಂಡೆ.

ಒಳಗೆ ಒಬ್ಬ ಅಭ್ಯರ್ಥಿಯ ಏಜೆಂಟಾಗಿ ಅಪ್ಪ ಕೂತಿದ್ದ. ಎದುರು ಪಕ್ಷದ ಏಜೆಂಟು ಸಂಗಪ್ಪಣ್ಣ. ಇಬ್ಬರೂ ದಿನಾ ಒಂದೇ ಬಸಿ ಚಹಾ ಹಂಚಿಕೊಳ್ಳುವವರು, ಆವತ್ತೊಂದು ದಿನ ಮಾತ್ರ ವೈರಿಗಳು. ಚಿಗವ್ವ ಮೇಜಿನ ಮುಂದೆ ನಿಂತದ್ದೇ ತಡ, ಸಂಗಪ್ಪಣ್ಣ ಎದ್ದ.

“ಈಕಿ ಯಾರಂತ ನಮಗ ಹೆಂಗ ಗೊತ್ತಾಗಬೇಕ್ರಿ ಸಾಹೇಬ್ರ? ಹೋದ ಸಲ ಹಿಂಗ ಮೋಸ ಆಗೇತಿ.”

ಮತಗಟ್ಟೆಯ ಅಧಿಕಾರಿ ದಕ್ಷಿಣದ ಕಡೆಯಿಂದ ಬಾಗಲಕೋಟೆಗೆ ವರ್ಗವಾಗಿ ಬಂದವರು. ರೇಷನ್ ಕಾರ್ಡು ನೋಡಿ, “ಇದರಲ್ಲಿ ಹೆಸರಿದೆ, ಮುಖ ಇಲ್ಲವಲ್ಲಮ್ಮ” ಅಂದರು. “ನಮ್ಮ ಚಿಗವ್ವರೀ” ಎಂದು ನಾನು ಬಾಯಿ ಹಾಕಿದೆ. “ಮನಿ ಹುಡುಗಿ ಸಾಕ್ಷಿ ನಡಿಯೂದಿಲ್ಲ. ಈ ಹುಡುಗಿ ಅಪ್ಪ ಇಲ್ಲೇ ಏಜೆಂಟಾಗಿ ಕುಂತಾನಲ್ಲ, ಅಂವ ಹೇಳ್ಲಿ” ಅಂದ ಸಂಗಪ್ಪಣ್ಣ.

“ಹಾಗಾದರೆ ಸ್ವಲ್ಪ ಸೆರಗು ಸರಿಸಿ. ಅವರು ನೋಡಿ ಹೇಳಲಿ” ಎಂದರು ಅಧಿಕಾರಿ.

ಓಟಿಗಾಗಿ ಚಿಗವ್ವ ಅದಕ್ಕೂ ತಯಾರಾದಳು. ಆಕೆಯ ಕೈ ಸೆರಗಿನ ಅಂಚಿಗೆ ಹೋಗಿತ್ತೋ ಇಲ್ಲವೋ, ಅಪ್ಪ ಕುರ್ಚಿಯ ಸಮೇತ ತಿರುಗಿ ಗೋಡೆಗೆ ಮುಖ ಮಾಡಿ ಕೂತುಬಿಟ್ಟ. ಎದುರಿಗಿದ್ದದ್ದು ಮಗ್ಗಿಯ ಪಟ.

“ರೀ ಯಜಮಾನರೇ, ಗೋಡೆ ನೋಡಿದರೆ ಗುರುತು ಹೇಗೆ ಸಿಗುತ್ತದೆ?”

“ನೋಡಿದ್ರೂ ಸಿಗೂದಿಲ್ರಿ. ನಾ ಆಕಿ ಮಾರಿ ನೋಡಿಲ್ಲ.”

ಸಾಲಿನಲ್ಲಿದ್ದವರು ನಕ್ಕರು. ನನಗೆ ಮಾತ್ರ ಅಳು ಬಂತು. ಆಕೆಯ ಗಂಡ, ನಮ್ಮ ಕಾಕಾ, ಬೆಳಿಗ್ಗೆಯೇ ಓಟು ಹಾಕಿ ಹೊಲಕ್ಕೆ ಹೋಗಿದ್ದ. ಚಿಗವ್ವನ ಓಟು ಈ ಸಲವೂ ಹೋಯಿತು ಅಂದುಕೊಂಡೆ. ಆಕೆ ನಿಂತಲ್ಲಿಂದ ಕದಲಲಿಲ್ಲ. ಅಪ್ಪ ಗೋಡೆಗೇ ಹೇಳಿದ:

“ಮಾರಿ ಮುಚ್ಚಿ ಕೈ ತೋರ್ಸಂತ ಹೇಳ್ರಿ.”

ಈಗ ಮತಗಟ್ಟೆಯಲ್ಲಿ ಯಾರಾದರೂ ಹೀಗೆ ಅಂದರೆ ಪ್ರಚಾರ ಮಾಡಿದರೆಂದು ಗದ್ದಲವಾದೀತು. ಆಗ ಕೈ ಇನ್ನೂ ಪಕ್ಷದ ಚಿಹ್ನೆಯಾಗಿರಲಿಲ್ಲ. ಚಿಗವ್ವ ಸೆರಗನ್ನು ಮುಖದ ಮೇಲೆ ಇಳಿಸಿ ಎರಡೂ ಕೈ ಮೇಜಿನ ಮೇಲಿಟ್ಟಳು. ಅಪ್ಪ ತಿರುಗಿ ನೋಡಿದ. ಬಲಗೈಯ ಕಿರುಬೆರಳು ತುಸು ಸೊಟ್ಟ, ಮಣಿಕಟ್ಟಿನ ಮೇಲೆ ರೊಟ್ಟಿಯ ಹಂಚು ತಾಗಿ ಸುಟ್ಟ ಕಲೆ.

“ನಮ್ಮ ತಮ್ಮನ ಹೆಂಡ್ತೀರಿ. ಸಾಕಂದ್ರೂ ರೊಟ್ಟಿ ಹಾಕು ಕೈ ಇದು. ದಿನಾ ನೋಡ್ತೇನಿ, ನನಗ ಗೊತ್ತಿಲ್ಲೇನು?”

ಸಂಗಪ್ಪಣ್ಣ ಆ ಕೈಗಳನ್ನೇ ನೋಡುತ್ತ ನಿಂತ. ನಮ್ಮ ಮನೆಯಲ್ಲಿ ಅವನೂ ಎಷ್ಟೋ ಸಲ ಉಂಡಿದ್ದ. “ಖರೆ ಐತ್ರಿ. ನನಗೂ ಹಂಗ ಹಾಕಿದ್ಲು” ಎಂದು ಕೂತುಕೊಂಡ. ಚಿಗವ್ವ ಎಡಗೈಯ ಬೆರಳಿಗೆ ಮಸಿ ಹಚ್ಚಿಸಿಕೊಂಡು ಮರೆಗೆ ಹೋದಳು. ಒಳಗೆ ಎಷ್ಟು ಹೊತ್ತು ನಿಂತಳೆಂದರೆ ಅಧಿಕಾರಿ ಎರಡು ಸಲ ಕರೆಯಬೇಕಾಯಿತು. ನನ್ನ ಮೊದಲ ಓಟಿನ ಬಿಗುಮಾನ ಆಗಲೇ ಇಳಿದುಹೋಗಿತ್ತು. ಆಕೆಯ ಓಟಿನ ಖುಷಿಯೇ ನನಗೆ ದೊಡ್ಡದಾಗಿತ್ತು.

ಸಂಜೆ ಊಟಕ್ಕೆ ಕೂತಾಗ ಬಾಗಿಲ ಮರೆಯಿಂದ ಬುಟ್ಟಿ ಬಂತು. ಅದನ್ನು ಹಿಡಿದ ಬೆರಳಿನ ಮೇಲೆ ಕಪ್ಪು ಮಸಿ. ಅಪ್ಪ ಅದನ್ನು ನೋಡಿದ, ತಡೆದುಕೊಳ್ಳಲು ಪ್ರಯತ್ನಿಸಿದ, ಆಗಲಿಲ್ಲ.

“ಯಾರಿಗಿ ಹಾಕಿದ್ಯವಾ?”

ಅವನು ಆಕೆಗೆ ನೇರವಾಗಿ ಆಡಿದ ಮೊದಲ ಮಾತು ಅದು. ಒಲೆಯ ಮುಂದೆ ಅವ್ವನ ಕೈ ನಿಂತಿತು. ಬಾಗಿಲ ಆಚೆಯಿಂದ ಮಗ್ಗವನ್ನೂ ಮೀರಿಸುವ ಆ ದನಿ ಸ್ಪಷ್ಟವಾಗಿ ಬಂತು:

“ಅದನ್ನ ಹೇಳಬಾರದಂತ್ರಿ, ಭಾವಾರ.”

ತಾಟಿಗೆ ರೊಟ್ಟಿ ಬಿತ್ತು. ಅಪ್ಪ ತಲೆ ತಗ್ಗಿಸಿ ಅದನ್ನು ತಿಂದ, ತಿನ್ನುತ್ತ ನಕ್ಕ.

ಇಷ್ಟು ನೆನೆಯುತ್ತ ಹೋಗಿ ನಾನು ಈ ಸಲದ ಓಟು ಹಾಕಿ ಬಂದೆ. ಮತಗಟ್ಟೆಯ ಹುಡುಗಿ ಫೋಟೋವನ್ನೂ ನನ್ನನ್ನೂ ನೋಡಿ, ಕನಿಕರದಿಂದ ಒಪ್ಪಿಕೊಂಡಳು. ಮಧ್ಯಾಹ್ನ ಉಣ್ಣುವಾಗ ನಮ್ಮ ಮನೆಯವರು ಎಂದಿನಂತೆ ಕೇಳಿದರು, “ಯಾರಿಗಿ ಹಾಕಿದಿ?” ಮದುವೆಯಾದಂದಿನಿಂದ ಪ್ರತಿ ಸಲವೂ ಹೇಳುತ್ತ ಬಂದವಳು ನಾನು. ಈ ಸಲ ಬುಟ್ಟಿಯಿಂದ ಇನ್ನೊಂದು ರೊಟ್ಟಿ ತೆಗೆದೆ.

“ಸಾಕು, ಸಾಕು” ಅಂದರು ಅವರು. ಅಷ್ಟರಲ್ಲಿ ರೊಟ್ಟಿ ತಾಟಿಗೆ ಬಿದ್ದಿತ್ತು.